ಬೆಲೀಜ್‌ಗೆ ಗಾಳ ಹಿಡಿದು ಹೋದದ್ದು: ಹದಿನೇಳು ತಿಂಗಳ ತಯಾರಿ, ಮೂರು ದಿನದ ನೀರು

ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್‌ನಿಂದ ಮೀನು ಹಿಡಿದು ವಾಪಸ್ ಬಂದು ಎರಡು ವಾರವಾಯಿತು. ಬಿಸಿಲಿಗೆ ಸುಟ್ಟ ಕೈಬೆರಳುಗಳ ಚರ್ಮ ಇನ್ನೂ ಏಳುತ್ತಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ತಯಾರಿ ಶುರು ಮಾಡಿದಾಗ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಅಮೆರಿಕದಲ್ಲಿರುವ, ಭಾರತದ ಪಾಸ್‌ಪೋರ್ಟ್ ಇರುವ ಒಬ್ಬರು ಇಂಥ ಪ್ರವಾಸಕ್ಕೆ ಹೇಗೆ ಹೊರಡಬೇಕು ಅಂತ ಹೇಳುವವರು ಯಾರೂ ಸಿಗಲಿಲ್ಲ. ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಂಡೆ. ನಿಮಗೆ ಹಾಗಾಗದಿರಲಿ.

ನನ್ನ ಊರು ಉಡುಪಿ ಜಿಲ್ಲೆಯ ಗಂಗೊಳ್ಳಿ ಹತ್ತಿರ. ಸೋದರಮಾವನ ಜೊತೆ ಅಳಿವೆ ಬಾಗಿಲಲ್ಲಿ ಕೂತು ಗಾಳ ಹಾಕುತ್ತಾ ಬೆಳೆದವನು. ಕೊಕ್ಕೆಗೆ ಸಿಗಡಿ ಚುಚ್ಚಿ, ಸೀಸದ ಗುಂಡು ಕಟ್ಟಿ ಬೀಸಿ ಎಸೆಯುವುದು. ಕಾಣೆ ಮೀನು ಸಿಕ್ಕಿದರೆ ಆ ದಿನ ಮನೆಯಲ್ಲಿ ಹಬ್ಬ. ಈಗ ಹ್ಯೂಸ್ಟನ್‌ನಲ್ಲಿ ಒಂಬತ್ತು ವರ್ಷದಿಂದ ಕೆಲಸ. ಫ್ಲೈ ಫಿಶಿಂಗ್ ಅನ್ನುವುದನ್ನು ಕಲಿಸಿದ್ದು ಇಲ್ಲಿನ ಗೆಳೆಯರೊಬ್ಬರು. ಶಿವಮೊಗ್ಗದವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ತೊಂಬತ್ತರ ದಶಕದಲ್ಲಿ ಕಾವೇರಿ ತೀರದ ಭೀಮೇಶ್ವರಿಯಲ್ಲಿ ಮಹಶೀರ್ ಹಿಡಿದು, ತೂಕ ನೋಡಿ, ಮತ್ತೆ ನದಿಗೇ ಬಿಟ್ಟವರು. ಒಂದು ಸಂಜೆ ಅವರು ಕೇಳಿದರು: "ಬೆಲೀಜ್‌ಗೆ ಬರ್ತೀರಾ? ಬೋನ್‌ಫಿಶ್ ಹಿಡಿಯೋಣ."

ಫ್ಲೈ ಅಂದರೆ ಏನು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಗರಿ, ಕೂದಲು, ನೂಲು ಸುತ್ತಿ ಸಿಗಡಿ ಅಥವಾ ಏಡಿಯ ಹಾಗೆ ಕಾಣುವಂತೆ ಮಾಡಿದ ಪುಟ್ಟ ಕೊಕ್ಕೆ. ತೂಕವೇ ಇರುವುದಿಲ್ಲ ಅನ್ನಬಹುದು. ನಮ್ಮ ಗಾಳದಲ್ಲಿ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಾರಕ್ಕೇ ಭಾರ. ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಬಿಚ್ಚಿಸಿದರೆ ಅದು ಫ್ಲೈಯನ್ನು ಒಯ್ಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ಮೀನನ್ನು ಕಣ್ಣಲ್ಲಿ ನೋಡಿ, ಅದರ ಮುಂದೆ ಸದ್ದಿಲ್ಲದೆ ಇಳಿಸಬೇಕು. ಬೆಲೀಜ್‌ನ ಕರಾವಳಿಯಲ್ಲಿ ಹವಳದ ದಿಬ್ಬದ ಒಳಗಡೆ ಇಂಥ ಆಳವಿಲ್ಲದ ನೀರು ಎಷ್ಟು ದೂರಕ್ಕೂ ಹಬ್ಬಿದೆ. ಅದನ್ನೇ ಫ್ಲಾಟ್ಸ್ ಅನ್ನುವುದು. ಬೋನ್‌ಫಿಶ್ ಅಲ್ಲಿನ ಮೀನು.

ಅದು ನವೆಂಬರ್. ಏಪ್ರಿಲ್‌ಗೆ ಹೋಗೋಣ ಅಂತ ತೀರ್ಮಾನಿಸಿದೆವು. ಕಾರಣ ಇತ್ತು. ಚಳಿಗಾಲದಲ್ಲಿ ಉತ್ತರದಿಂದ ತಣ್ಣನೆ ಗಾಳಿ ಬಂದು ನೀರನ್ನು ಕಲಕುತ್ತದೆ. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ನಡುವೆ ಉಳಿಯುವುದು ಮಾರ್ಚ್, ಏಪ್ರಿಲ್, ಮೇ. ಆಗಲೂ ಪೂರ್ವದ ಗಾಳಿ ಜೋರಾಗಿಯೇ ಇರುತ್ತದೆ, ಆದರೆ ಬಿಸಿಲು ಸಿಗುವ ದಿನ ಜಾಸ್ತಿ. ಬಿಸಿಲಿಲ್ಲದಿದ್ದರೆ ಮೀನು ಕಾಣುವುದೇ ಇಲ್ಲ.

ಗೈಡ್‌ಗಳನ್ನು ಗೊತ್ತುಮಾಡುವ ಒಂದು ಸಂಸ್ಥೆಗೆ ಬರೆದೆವು. ಒಂದು ದೋಣಿಗೆ ದಿನಕ್ಕೆ 500 ಡಾಲರ್. ದೋಣಿಯಲ್ಲಿ ಇಬ್ಬರು ಹೋಗಬಹುದು. ನಾಲ್ಕು ದಿನಕ್ಕೆ 2,000. ಅರ್ಧ ಮುಂಗಡ. ನನ್ನ ಪಾಲಿನ 500 ಡಾಲರ್ ಅದೇ ರಾತ್ರಿ ಕಟ್ಟಿದೆ. ಅಲ್ಲಿಯೇ ತಪ್ಪಿದ್ದು.

ಇದೊಂದು ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮುಂಗಡ ಕಟ್ಟಿ ಹತ್ತು ದಿನವಾದ ಮೇಲೆ ಹೆಂಡತಿ ಕೇಳಿದಳು, "ನಿಮ್ಮ ವೀಸಾ ಸ್ಟಾಂಪ್ ಮುಗಿದಿಲ್ವಾ?" ಮುಗಿದಿತ್ತು. ಅಮೆರಿಕದಲ್ಲಿ ಇರಲು, ಕೆಲಸ ಮಾಡಲು ನನಗೆ ಬೇಕಾದ ಐ-797 ಕಾಗದ ಚಾಲ್ತಿಯಲ್ಲಿತ್ತು. ಅದರಿಂದಾಗಿ ಸ್ಟಾಂಪಿನ ಯೋಚನೆಯೇ ಬಂದಿರಲಿಲ್ಲ. ಆದರೆ ದೇಶದಿಂದ ಹೊರಗೆ ಹೋದರೆ ಮತ್ತೆ ಒಳಗೆ ಬರಲು ಸ್ಟಾಂಪ್, ಅಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ, ಬೇಕು. ಕೆನಡಾಕ್ಕೋ ಮೆಕ್ಸಿಕೋಗೋ 30 ದಿನದೊಳಗೆ ಹೋಗಿ ಬರುವವರಿಗೆ ಮುಗಿದ ಸ್ಟಾಂಪಿನಲ್ಲೇ ಒಳಬರುವ ಒಂದು ಅವಕಾಶ ಇದೆ. ಬೆಲೀಜ್ ಮೆಕ್ಸಿಕೋಗೆ ಅಂಟಿಕೊಂಡೇ ಇದ್ದರೂ ಆ ಅವಕಾಶ ಅಲ್ಲಿಗೆ ಇಲ್ಲ. ಇನ್ನೊಂದು ತೊಡಕೂ ಇತ್ತು. ಭಾರತೀಯರಿಗೆ ಬೆಲೀಜ್ ಒಳಗೆ ಹೋಗಲು ವೀಸಾ ಬೇಕು. ಚಾಲ್ತಿಯಲ್ಲಿರುವ, ಹಲವು ಸಲ ಬಂದುಹೋಗಬಹುದಾದ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಬೇಡ. ಅಂದರೆ ಆ ಒಂದು ಸ್ಟಾಂಪ್ ಇಲ್ಲದೆ ನನಗೆ ಹೋಗುವ ಬಾಗಿಲೂ ಮುಚ್ಚಿತ್ತು, ಬರುವ ಬಾಗಿಲೂ ಮುಚ್ಚಿತ್ತು. ಗೆಳೆಯರ ಬಳಿ ಗ್ರೀನ್ ಕಾರ್ಡ್ ಇದೆ. ಅವರಿಗೆ ಈ ಯಾವ ಪ್ರಶ್ನೆಯೂ ಎದ್ದಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. 500 ಡಾಲರ್ ಹೋಯಿತು ಅನ್ನುವುದಕ್ಕಿಂತ, ನನ್ನಿಂದ ಅವರ ಪ್ರವಾಸವೂ ಕೆಟ್ಟಿತಲ್ಲ ಅಂತ ಸಂಕಟ. ಬೆಳಿಗ್ಗೆ ಫೋನ್ ಮಾಡಿದೆ. "ಬಿಡ್ರೀ, ಮೀನು ಎಲ್ಲಿಗೆ ಹೋಗುತ್ತೆ? ಮುಂದಿನ ವರ್ಷ ಹೋಗೋಣ" ಅಂದರು. ಸಂಸ್ಥೆಯವರು ಮುಂಗಡ ವಾಪಸ್ ಕೊಡಲು ಒಪ್ಪಲಿಲ್ಲ. ಒಂದು ವರ್ಷದ ನಂತರದ ದಿನಾಂಕಕ್ಕೆ ಬದಲಾಯಿಸಿಕೊಟ್ಟರು, ಅದಕ್ಕೆ 150 ಡಾಲರ್ ಹೆಚ್ಚುವರಿ. ಅದೂ ಇಬ್ಬರ ಪಾಲು. ಪೂರ್ತಿ ನಾನೇ ಕೊಡುತ್ತೇನೆ ಅಂದರೂ ಅವರು ಕೇಳಲಿಲ್ಲ. ನೀವು ಮುಂಗಡ ಕಟ್ಟುವ ಮೊದಲು ರದ್ದು ಮಾಡುವ ನಿಯಮ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಗಾಳಿ ಮಳೆಗೆ ಗೈಡ್ ಬೇಡ ಅಂದರೆ ದುಡ್ಡು ವಾಪಸ್ಸಾ, ನೀವು ಬೇಡ ಅಂದರೆ ಏನು, ಎರಡೂ ಕೇಳಿ. ನಾವು ಎರಡನೇ ಸಲ ಕೇಳಿದೆವು. ಮುಂದೆ ಅದು ಉಪಯೋಗಕ್ಕೆ ಬಂತು.

ಸ್ಟಾಂಪಿಗಾಗಿ ಜುಲೈ ಕೊನೆಗೆ ಊರಿಗೆ ಹೋದೆ. ಹೇಗೂ ಅಮ್ಮನನ್ನು ನೋಡಿ ಎರಡು ವರ್ಷವಾಗಿತ್ತು. ಅಮೆರಿಕದ ಕಾನ್ಸುಲೇಟ್‌ನ ಅಪಾಯಿಂಟ್‌ಮೆಂಟ್ ಸಿಗಲಿ ಅಂತ ಮಾರ್ಚ್‌ನಿಂದ ದಿನಾ ನಸುಕಿಗೆ ಎದ್ದು ನೋಡುತ್ತಿದ್ದೆ. ಫೀ 205 ಡಾಲರ್. ಮೊದಲ ದಿನ ಬೆರಳಚ್ಚು, ಮಾರನೇ ದಿನ ಸಂದರ್ಶನ. ಒಯ್ದದ್ದು ಐ-797, ಕಂಪನಿಯ ಪತ್ರ, ಸಂಬಳದ ಚೀಟಿಗಳು, ಹಳೇ ಪಾಸ್‌ಪೋರ್ಟ್. ಕೇಳಿದ್ದು ಮೂರೇ ಪ್ರಶ್ನೆ. ಪಾಸ್‌ಪೋರ್ಟ್ ವಾಪಸ್ ಬರಲು ಎಂಟು ದಿನ. ಆ ಎಂಟು ದಿನ ಊರಲ್ಲಿ ಮಳೆ ನೋಡುತ್ತಾ ಕೂತಿದ್ದೆ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿದ್ದವು. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದಾಗಲೂ ಕಡಲು ಒರಟಾಗಿತ್ತು, ಹೆಚ್ಚಿನವರು ಹೊರಟಿರಲಿಲ್ಲ. ಮಾವನಿಗೆ ಬೆಲೀಜ್ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಕೊನೆಗೆ ಒಂದೇ ಮಾತು: "ಹಿಡ್ದ್ ಮೀನ್ ಬಿಡುದಾ ಮಾರಾಯಾ?" ಉತ್ತರ ನನ್ನ ಬಳಿ ಇರಲಿಲ್ಲ.

ಪಾಸ್‌ಪೋರ್ಟ್ ಅವಧಿಯನ್ನೂ ನೋಡಿಕೊಳ್ಳಿ. ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ವಾಪಸ್ ಬರುವಾಗ ಐ-94 ಅನ್ನುವ ದಾಖಲೆ ಕೊಡುತ್ತಾರೆ. ಅದರ ದಿನಾಂಕವನ್ನು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ನಿಲ್ಲಿಸಬಹುದು. ನನ್ನ ಪರಿಚಯದವರೊಬ್ಬರಿಗೆ ಹಾಗೆ ಆಗಿ ಅವರು ಗಮನಿಸಿಯೇ ಇರಲಿಲ್ಲ.

ಸೆಪ್ಟೆಂಬರ್‌ನಿಂದ ಅಭ್ಯಾಸ. ಕಳೆದುಹೋಯಿತು ಅಂತ ಬೇಸರಪಟ್ಟ ವರ್ಷ ಇಲ್ಲಿ ಕೈಗೆ ಬಂತು. ಮೊದಲಿನ ಏಪ್ರಿಲ್‌ನಲ್ಲೇ ಹೋಗಿದ್ದರೆ ಒಂದು ಮೀನೂ ಸಿಗುತ್ತಿರಲಿಲ್ಲ, ಇದು ಖಂಡಿತ. ಹುಲ್ಲಿನ ಮೇಲೆ ಊಟದ ತಟ್ಟೆ ಇಟ್ಟು, 40 ಅಡಿ ದೂರದಿಂದ ಅದರೊಳಗೆ ಫ್ಲೈ ಇಳಿಸುವುದು. ಕೊಕ್ಕೆಯ ಬದಲು ನೂಲಿನ ತುಂಡು ಕಟ್ಟಿಕೊಂಡು. ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ. ಗಾಳಿ ಇಲ್ಲದ ದಿನಕ್ಕಿಂತ ಗಾಳಿ ಬೀಸುವ ದಿನವೇ ಹೋಗಿ. ಎದುರು ಗಾಳಿಗೆ ದಾರ ಎಸೆಯುವುದು ಬೇರೆಯೇ ವಿದ್ಯೆ. ಎಡಗೈಯಿಂದ ದಾರವನ್ನು ಜಗ್ಗಿ ವೇಗ ಕೊಡಬೇಕು. ಅದನ್ನು ಡಬಲ್ ಹಾಲ್ ಅನ್ನುತ್ತಾರೆ. ವಿಡಿಯೊ ನೋಡಿ ಬರಲಿಲ್ಲ. ಎರಡು ಪಾಠಕ್ಕೆ 200 ಡಾಲರ್ ಕೊಟ್ಟೆ, ಎರಡನೇ ಪಾಠದಲ್ಲಿ ಬಂತು. ಈ ಪ್ರವಾಸದಲ್ಲಿ ಅತಿ ಉಪಯೋಗಕ್ಕೆ ಬಂದ ಖರ್ಚು ಅದು. ಮಾರ್ಚ್‌ನಲ್ಲಿ ಹ್ಯೂಸ್ಟನ್ ಹತ್ತಿರದ ಗಾಲ್ವೆಸ್ಟನ್‌ನ ಹಿನ್ನೀರಿನಲ್ಲಿ ಒಂದು ದಿನ ಗೈಡ್ ಜೊತೆ ರೆಡ್‌ಫಿಶ್ ಹಿಡಿದು ನೋಡಿದೆವು. ನನ್ನ ಪಾಲು 325. ನೀರಿನಲ್ಲಿ ಮೀನು ಹುಡುಕಲು ಕಣ್ಣಿಗೂ ಅಭ್ಯಾಸ ಬೇಕು ಅಂತ ಅಲ್ಲಿ ತಿಳಿಯಿತು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಒಂಬತ್ತು ಅಡಿಯ, 8 ನಂಬರಿನ, ನಾಲ್ಕು ತುಂಡಾಗುವ ರಾಡ್ ಸಾಕು. ಉಪ್ಪುನೀರಿಗೆ ಅಂತಲೇ ಮಾಡಿದ ರೀಲ್ ಇರಲಿ. ದಾರ ಬಿಸಿ ಪ್ರದೇಶದ್ದೇ ಆಗಬೇಕು. ತಣ್ಣೀರಿನ ದಾರ ಅಲ್ಲಿನ ಬಿಸಿಲಿಗೆ ಮೆತ್ತಗಾಗಿ ಜೋತುಬೀಳುತ್ತದೆ. ದುಡ್ಡು ಉಳಿಸಬೇಕಾದರೆ ರಾಡಿನಲ್ಲಿ ಉಳಿಸಿ, ಕನ್ನಡಕದಲ್ಲಿ ಬೇಡ. ತಾಮ್ರದ ಬಣ್ಣದ ಪೋಲರೈಸ್ಡ್ ಗಾಜಿಲ್ಲದೆ ನೀವು ನೋಡುವುದು ಬರೀ ನೀರಿನ ಹೊಳಪು. ರಾಡ್, ರೀಲ್ ಎರಡನ್ನೂ ವಿಮಾನದೊಳಗೆ ಕೈಯಲ್ಲೇ ಒಯ್ಯಿರಿ. ನಾನು ಹಾಗೆ ಮಾಡಿದೆ. ಫ್ಲೈ ಡಬ್ಬಿ, ಬೂಟು, ಉದ್ದ ತೋಳಿನ ಅಂಗಿಗಳು ಮಾತ್ರ ದೊಡ್ಡ ಚೀಲದಲ್ಲಿದ್ದವು. ಆ ಚೀಲ ನಮ್ಮ ಜೊತೆ ಬರಲೇ ಇಲ್ಲ.

ಹೊರಡುವ ದಿನ ಹ್ಯೂಸ್ಟನ್‌ನ ಕೌಂಟರಿನಲ್ಲೇ ಮೊದಲ ತಡೆ. ಭಾರತದ ಪಾಸ್‌ಪೋರ್ಟ್ ನೋಡಿ ಬೆಲೀಜ್ ವೀಸಾ ಎಲ್ಲಿ ಅಂತ ಕೇಳಿದರು. ಅಮೆರಿಕದ ವೀಸಾ ಇದ್ದರೆ ಬೇಡ ಅಂತ ಹೇಳಿದೆ. ಅವರು ಯಾರಿಗೋ ಫೋನ್ ಮಾಡಿದರು, ಕಾದೆವು, ಮತ್ತೆ ಫೋನ್. ಹಿಂದೆ ಸಾಲು ಬೆಳೆಯುತ್ತಿತ್ತು. ನನ್ನ ಎದೆ ಬಡಿತ ನನಗೇ ಕೇಳುತ್ತಿತ್ತು. ಕೊನೆಗೆ ಬೆಲೀಜ್ ಸರ್ಕಾರದ ನಿಯಮದ ಪುಟವನ್ನು ಮುದ್ರಿಸಿ ತಂದಿದ್ದೆನಲ್ಲ, ಅದನ್ನು ಕೊಟ್ಟೆ. ಓದಿ ಬೋರ್ಡಿಂಗ್ ಪಾಸ್ ಕೊಟ್ಟರು. 25 ನಿಮಿಷ. ಹೊರಡುವ ವಾರದಲ್ಲಿ ಆ ನಿಯಮವನ್ನು ಮತ್ತೆ ನೋಡಿ, ಕಾಗದದಲ್ಲೇ ಮುದ್ರಿಸಿ ಒಯ್ಯಿರಿ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಕೂಡ ಬೆಲೀಜ್‌ನಲ್ಲಿ ಕೇಳಿದರು.

ವಿಮಾನ ಎರಡೂವರೆ ಗಂಟೆ. ನನ್ನ ಚೀಲ ಬಂದಿಲ್ಲ ಅಂತ ದೂರು ಬರೆದುಕೊಟ್ಟು ಬೆಲೀಜ್ ಸಿಟಿಯಿಂದ ದೋಣಿ ಹತ್ತಿದೆವು. ಆಂಬರ್‌ಗ್ರಿಸ್ ಕೀ ದ್ವೀಪದ ಸ್ಯಾನ್ ಪೆಡ್ರೊ ಊರಿಗೆ ಒಂದೂವರೆ ಗಂಟೆ. ಚಿಕ್ಕ ವಿಮಾನವೂ ಇದೆ, ಕಾಲು ಗಂಟೆಯಲ್ಲಿ ಇಳಿಸುತ್ತದೆ, ದುಡ್ಡು ಜಾಸ್ತಿ. ಅಲ್ಲಿ ದುಡ್ಡು ಬದಲಾಯಿಸುವ ಗೊಡವೆ ಇಲ್ಲ. ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್, ಎರಡೂ ನಡೆಯುತ್ತದೆ. ಆದರೆ ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಪ್ರತಿ ಸಲ ಕೇಳಿ. ಹಿಂದೆ ಬ್ರಿಟಿಷರ ಕೈಯಲ್ಲಿದ್ದ ದೇಶ, 1981ರಲ್ಲಿ ಸ್ವತಂತ್ರವಾದದ್ದು. ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಮೀನು ಹಿಡಿಯುವ ಲೈಸೆನ್ಸ್ ಬೇಕೇ ಬೇಕು. ವಾರಕ್ಕೆ 25 ಡಾಲರ್, ಮನೆಯಿಂದಲೇ ಆನ್‌ಲೈನಿನಲ್ಲಿ ತೆಗೆದುಕೊಂಡಿದ್ದೆ.

ಊಟಕ್ಕೆ ನಾನು ಹೆದರಿದ್ದೆ, ಸುಮ್ನೆ. ತೆಂಗಿನ ಹಾಲು ಹಾಕಿ ಬೇಯಿಸಿದ ಅನ್ನ, ಕೆಂಪು ಕಾಳು, ಪಕ್ಕದಲ್ಲಿ ಹುರಿದ ಮೀನು. ಮೊದಲ ತುತ್ತಿಗೇ ಊರು ನೆನಪಾಯಿತು. ಹಬನೇರೊ ಮೆಣಸಿನ ಸಾಸ್ ಇಡುತ್ತಾರೆ, ನಮ್ಮ ನಾಲಿಗೆಗೂ ಖಾರವೇ.

ಮೊದಲ ದಿನ ಬೆಳಿಗ್ಗೆ ಆರೂವರೆಗೆ ಗೈಡ್ ದೋಣಿ ತಂದರು. ಐವತ್ತು ದಾಟಿದವರು, ಅಪ್ಪ ನಳ್ಳಿ ಹಿಡಿದು ಬದುಕಿದವರಂತೆ. ನನ್ನ ಚೀಲದ ಕಥೆ ಕೇಳಿ ತಮ್ಮ ಡಬ್ಬಿಯಿಂದ ಹತ್ತು ಫ್ಲೈ ತೆಗೆದುಕೊಟ್ಟರು. ಅಂಗಿ ಒಂದನ್ನು ಅಂಗಡಿಯಲ್ಲಿ ಕೊಂಡೆ. ಬೂಟಿಲ್ಲದೆ ಆ ದಿನ ನೀರಿಗೆ ಇಳಿಯುವಂತಿರಲಿಲ್ಲ, ದೋಣಿಯ ಮೇಲಿನಿಂದಲೇ. ಎಂಜಿನ್ ನಿಲ್ಲಿಸಿ ಉದ್ದದ ಗಳ ಊರುತ್ತಾ ದೋಣಿಯನ್ನು ಸದ್ದಿಲ್ಲದೆ ತಳ್ಳುತ್ತಾರೆ. ಸುತ್ತ ಕಾಂಡ್ಲಾ ಗಿಡಗಳು. ನಮ್ಮೂರಿನ ಪಂಚಗಂಗಾವಳಿ ಹೊಳೆಯ ಹಿನ್ನೀರೇ ಅನ್ನಬೇಕು, ನೀರು ಮಾತ್ರ ಗಾಜಿನ ಹಾಗೆ.

ಇಬ್ಬರಿದ್ದರೂ ಒಮ್ಮೆಗೆ ಒಬ್ಬರೇ ದೋಣಿಯ ಮುಂಭಾಗದಲ್ಲಿ ನಿಲ್ಲುವುದು. ಅಂದರೆ ಎಂಟು ಗಂಟೆಯ ದಿನದಲ್ಲಿ ನಿಮ್ಮ ಪಾಲು ನಾಲ್ಕು ಗಂಟೆ. ಅರ್ಧ ದುಡ್ಡು ಉಳಿಯುತ್ತದೆ, ಅರ್ಧ ಸಮಯ ಹೋಗುತ್ತದೆ. ಲೆಕ್ಕ ಹಾಕುವಾಗ ಇದು ನೆನಪಿರಲಿ.

"ಹನ್ನೊಂದು ಗಂಟೆ, ನಲವತ್ತು ಅಡಿ" ಅಂತಾರೆ ಗೈಡ್. ದೋಣಿಯ ಮೂತಿ ಹನ್ನೆರಡು ಗಂಟೆ. ಅದರಿಂದ ಸ್ವಲ್ಪ ಎಡಕ್ಕೆ ಅಂತ ಅರ್ಥ. ಅವರು ಹೇಳಿದ ಮೇಲೆ ಹತ್ತು ಸೆಕೆಂಡ್ ಇರುತ್ತದೆ, ಅಷ್ಟೇ. ನನಗೆ ಮೀನು ಕಾಣಲಿಲ್ಲ. ನೆರಳು ನೋಡಿ ಅಂದರು. ಬೋನ್‌ಫಿಶ್ ಮೈ ಕನ್ನಡಿಯ ಹಾಗೆ, ಕೆಳಗಿನ ಹುಲ್ಲಿನ ಬಣ್ಣವನ್ನೇ ತೋರಿಸುತ್ತದೆ. ಮರಳಿನ ಮೇಲೆ ಓಡುವ ನೆರಳು ಮಾತ್ರ ಸುಳ್ಳು ಹೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಣತೊಡಗಿತು. ಗಾಳಿ 20 ನಾಟ್ ಹತ್ತಿರ, ಅಂದರೆ ಗಂಟೆಗೆ ಸುಮಾರು 37 ಕಿಲೊಮೀಟರ್. ಮೂರು ಮೀನು ಫ್ಲೈ ಕಚ್ಚಿದವು. ಮೂರನ್ನೂ ಕಳೆದುಕೊಂಡೆ.

ಕಾರಣ ಗಂಗೊಳ್ಳಿ. ಕಚ್ಚಿದ ಕೂಡಲೇ ಕೋಲು ಮೇಲೆತ್ತಬೇಕು ಅಂತ ಆರನೇ ವಯಸ್ಸಿನಿಂದ ಕೈ ಕಲಿತಿದೆ. ಇಲ್ಲಿ ಹಾಗೆ ಎತ್ತಿದರೆ ಫ್ಲೈ ಮೀನಿನ ಬಾಯಿಂದ ಹೊರಗೆ ಬರುತ್ತದೆ. ಕೋಲು ನೀರಿನ ಕಡೆಗೇ ನೆಟ್ಟಗಿರಬೇಕು, ಎಡಗೈಯಿಂದ ದಾರವನ್ನು ಉದ್ದಕ್ಕೆ ಎಳೆಯಬೇಕು. ಆಗ ಕೊಕ್ಕೆ ಕಚ್ಚಿಕೊಳ್ಳುತ್ತದೆ. ಆ ರಾತ್ರಿ ಹೋಟೆಲಿನ ವರಾಂಡದಲ್ಲಿ ದಾರದ ತುದಿಯನ್ನು ಗೆಳೆಯರ ಕೈಗೆ ಕೊಟ್ಟು, ಅವರು ಜಗ್ಗಿದಾಗಲೆಲ್ಲ ಎಡಗೈ ಎಳೆಯುವುದನ್ನು ಒಂದು ಗಂಟೆ ಮಾಡಿದೆ. ಚಿಕ್ಕಂದಿನಲ್ಲಿ ಗಾಳ ಹಾಕಿ ಬೆಳೆದ ನಮ್ಮ ಕರಾವಳಿಯವರು ಇದನ್ನು ಮನೆಯಲ್ಲೇ ಅಭ್ಯಾಸ ಮಾಡಿ ಹೋಗಿ.

ಎರಡನೇ ದಿನ ಚೀಲ ಬಂತು. ಬೂಟು ಹಾಕಿ ನೀರಿಗೆ ಇಳಿದೆವು. ಕಾಲು ಎತ್ತಿ ಇಡಬಾರದು, ಮರಳಿನಲ್ಲಿ ಎಳೆಯುತ್ತಾ ನಡೆಯಬೇಕು. ತೊರಕೆ ಮೀನುಗಳು ಮರಳಿನಡಿ ಮಲಗಿರುತ್ತವೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮುಂದೆ ಒಂದಷ್ಟು ಬಾಲಗಳು ನೀರಿನಿಂದ ಮೇಲೆ ಬಂದು ಹೊಳೆದವು. ತಲೆ ಕೆಳಗೆ ಮಾಡಿ ಮರಳು ಕೆದಕಿ ಏಡಿ ಹುಡುಕುತ್ತಿದ್ದವು. ಗೈಡ್ ನನ್ನ ಹೆಗಲು ಹಿಡಿದು ನಿಲ್ಲಿಸಿದರು. ಎಸೆದೆ. ಫ್ಲೈ ಅವುಗಳ ಮುಂದೆ ನಾಲ್ಕು ಅಡಿಗೆ ಬಿತ್ತು. "ಎಳೆಯಿರಿ. ನಿಲ್ಲಿ. ಎಳೆಯಿರಿ." ದಾರ ಭಾರವಾಯಿತು. ಎಡಗೈ ಎಳೆಯಿತು, ಕೋಲು ಎತ್ತಲಿಲ್ಲ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಮೂರು ಪೌಂಡಿನ ಮೀನು ಅದು, ಒಂದೂವರೆ ಕಿಲೊಗೂ ಕಡಿಮೆ. ದಾರ ಪೂರ್ತಿ ಹೋಯಿತು. ಅದರ ಹಿಂದೆ ಕಟ್ಟಿದ್ದ ತೆಳು ದಾರವೂ ಹೋಗತೊಡಗಿತು. ರೀಲ್ ಕಿರುಚುತ್ತಿತ್ತು. ನಾನು ದಾರದಿಂದ ಕೈ ತೆಗೆದು ನಿಂತೆ. ಹಿಡಿಯಲು ಹೋದರೆ ಬೆರಳು ಕೊಯ್ಯುತ್ತದೆ. ನಿಂತಿತು, ಸುತ್ತಿದೆ, ಮತ್ತೆ ಓಡಿತು. ಮೂರನೇ ಸಲ ಹತ್ತಿರ ಬಂತು. ಗೈಡ್ ಕೈ ಒದ್ದೆ ಮಾಡಿಕೊಳ್ಳಲು ಹೇಳಿದರು. ಒಣ ಕೈ ಮೀನಿನ ಮೈಮೇಲಿನ ಲೋಳೆ ತೆಗೆಯುತ್ತದೆ. ನೀರಿನಲ್ಲೇ ಹಿಡಿದೆ. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಅದುಮಿದ್ದರಿಂದ ಸಲೀಸಾಗಿ ಬಂತು.

ಬೆಲೀಜ್‌ನಲ್ಲಿ 2009ರಿಂದ ಬೋನ್‌ಫಿಶ್, ಟಾರ್ಪನ್, ಪರ್ಮಿಟ್ ಅನ್ನುವ ಮೀನು ಈ ಮೂರನ್ನೂ ಬಿಡಲೇಬೇಕು ಅಂತ ಕಾನೂನಿದೆ. 2020ರಲ್ಲಿ ಗಿಲ್ ನೆಟ್ ಬಲೆಗಳನ್ನೂ ನಿಷೇಧಿಸಿದರು. ಕಾನೂನು ಗೊತ್ತಿದ್ದೇ ಹೋಗಿದ್ದೆ. ಆದರೂ ಕೈಯಲ್ಲಿ ಮೀನು ಇರುವಾಗ ಒಂದು ಕ್ಷಣ ಮನಸ್ಸು ಊರಿನ ಹಾಗೆಯೇ ಯೋಚಿಸಿತು. ಆಮೇಲೆ ಅದು ಬೆರಳ ನಡುವೆ ಮೆಲ್ಲನೆ ಬಲ ತಂದುಕೊಂಡು ಬಾಲ ಬೀಸಿತು, ನಾನು ಬಿಟ್ಟೆ. ಕಣ್ಣು ತುಂಬಿತ್ತು. ಗೆಳೆಯರು ಹಿಂದಿನಿಂದ, "ಕಾವೇರಿಯಲ್ಲಿ ನನಗೂ ಹೀಗೇ ಆಗಿತ್ತು ಕಣ್ರೀ" ಅಂದರು.

ಆ ದಿನ ನನಗೆ ನಾಲ್ಕು, ಅವರಿಗೆ ಆರು. ಮೂರನೇ ದಿನ ಗುಡುಗು, ಮಳೆ. ಗೈಡ್ ತಾವೇ ಬೇಡ ಅಂದರು. ಬರವಣಿಗೆಯಲ್ಲಿ ಇದ್ದುದರಿಂದ ಆ ದಿನದ ದುಡ್ಡು ಮಾತಿಲ್ಲದೆ ವಾಪಸ್ ಬಂತು. ನಾಲ್ಕನೇ ದಿನ ಒಂದು ಪರ್ಮಿಟ್ ನನ್ನ ಏಡಿ ಫ್ಲೈಯನ್ನು ಹತ್ತು ಅಡಿ ಹಿಂಬಾಲಿಸಿ, ಮೂತಿ ಇಟ್ಟು ನೋಡಿ ತಿರುಗಿ ಹೋಯಿತು. ಗೈಡ್ ಅದಕ್ಕೇ ಸಂತೋಷಪಟ್ಟರು. ವರ್ಷಗಟ್ಟಲೆ ಬಂದು ಅದನ್ನು ಹಿಡಿಯದೆ ಹೋದವರಿದ್ದಾರಂತೆ.

ಖರ್ಚು ನನ್ನ ಪಾಲಿನದು, ಡಾಲರಿನಲ್ಲಿ: ವಿಮಾನ 510, ಗೈಡ್ ಮೂರು ದಿನಕ್ಕೆ 750, ಗೈಡ್‌ಗೆ ಟಿಪ್ 150, ಆರು ರಾತ್ರಿಯ ಹೋಟೆಲ್ 450, ದೋಣಿ 60, ಲೈಸೆನ್ಸ್ 25, ಊಟ ತಿರುಗಾಟ 300, ದಿನಾಂಕ ಬದಲಾಯಿಸಿದ್ದಕ್ಕೆ 75. ಸಾಮಾನು 1,010. ಪಾಠ ಮತ್ತು ಗಾಲ್ವೆಸ್ಟನ್ 525. ಒಟ್ಟು 3,855. ಊರಿನ ಪ್ರಯಾಣ ಇದರಲ್ಲಿ ಸೇರಿಲ್ಲ. ಟಿಪ್ ಶೇಕಡಾ 20 ಕೊಟ್ಟೆವು. ಅದನ್ನು ಮೊದಲೇ ನಗದಾಗಿ ಎತ್ತಿಡಿ.

ಹ್ಯೂಸ್ಟನ್‌ನಲ್ಲಿ ಅಧಿಕಾರಿ ಸ್ಟಾಂಪ್ ನೋಡಿ, ಎಷ್ಟು ಮೀನು ಹಿಡಿದಿರಿ ಅಂತ ಕೇಳಿ ಒಳಗೆ ಬಿಟ್ಟರು. ಮನೆಗೆ ಬಂದ ಕೂಡಲೇ ಹೊಸ ಐ-94 ತೆಗೆದು ದಿನಾಂಕ ನೋಡಿದೆ, ಸರಿಯಾಗಿತ್ತು. ರೀಲ್, ರಾಡ್ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಲು ಇಟ್ಟೆ.

ಭಾನುವಾರ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬಿಟ್ಟೆ ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಎಷ್ಟ್ ದೂರ ಎಳ್ಕಂಡ್ ಹೋಯ್ತ್?"

"ನಮ್ಮ ಮನೆಯಿಂದ ರಸ್ತೆಯವರೆಗೆ ಆಗಬಹುದು ಮಾವ."

"ಅಷ್ಟೊತ್ತಿಗೆ ಭರ್ತವಾ, ಇಳ್ತವಾ?"

"ಭರತ. ಅಲ್ಲಿ ನೀರು ಏರುವುದೇ ಒಂದು ಅಡಿ ಮಾವ. ಏರಲು ಶುರುವಾಗಿ ಒಂದು ಗಂಟೆ ಆಗಿತ್ತು."